ಪುಣೆಯ ವಾಕಡ್ ಸುರಕ್ಷಿತವೇ? ಮಗಳಿಗೆ ಮನೆ ಹಿಡಿಯುವ ಮುನ್ನ ಏನೇನು ನೋಡಬೇಕು?

ಮಗಳು ಬಾಗಲಕೋಟೆಯಿಂದ ಹಿಂಜವಡಿಯ ಕಂಪನಿಗೆ ಸೇರುತ್ತಿದ್ದಾಳೆ, ವಾಕಡ್‌ನಲ್ಲಿ ಗೆಳತಿಯರ ಜೊತೆ ಫ್ಲ್ಯಾಟ್ ಹುಡುಕುತ್ತಿದ್ದಾಳೆ, ಪುಣೆಯ ಅಪರಾಧ ಪ್ರಮಾಣ ಓದಿ ಭಯವಾಗಿದೆ ಎಂದು ಬರೆದಿದ್ದೀರಿ. ಧೈರ್ಯವಾಗಿ ಕಳಿಸಿ. ಆದರೆ ಇಡೀ ವಾಕಡ್‌ಗೆ ಒಂದೇ ಉತ್ತರವಿಲ್ಲ. ಯಾವ ಸೊಸೈಟಿ, ಎಂಥ ಗಲ್ಲಿ, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಮೊದಲು ಆ ಅಂಕಿಯ ಭಯ ಬಿಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಹೇಳುವ ಪ್ರಮಾಣ ಎಂದರೆ ಒಂದು ಲಕ್ಷ ಜನಸಂಖ್ಯೆಗೆ ದಾಖಲಾದ ಪ್ರಕರಣಗಳು. ಮಹಾನಗರಗಳಿಗೆ ಅದು ಭಾಗಿಸುವುದು 2011ರ ಜನಗಣತಿಯ ಸಂಖ್ಯೆಯಿಂದ. ಆಮೇಲೆ ಪುಣೆಗೆ ಬಂದು ನೆಲೆಸಿದವರ ದೂರುಗಳು ಲೆಕ್ಕಕ್ಕೆ ಬರುತ್ತವೆ, ಅವರ ತಲೆಗಳು ಬರುವುದಿಲ್ಲ. ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧಗಳಿದ್ದರೂ ಅತಿ ಗಂಭೀರವಾದ ಒಂದನ್ನೇ ಎಣಿಸುತ್ತಾರೆ. ದೂರು ಬರೆದುಕೊಳ್ಳುವ ಪೊಲೀಸರಿರುವ ಊರಿನಲ್ಲಿ ಅಂಕಿ ಹೆಚ್ಚು ಕಾಣುತ್ತದೆ, ವಾಪಸ್ ಕಳಿಸುವ ಊರಿನಲ್ಲಿ ಕಡಿಮೆ. ಜೊತೆಗೆ ವಾಕಡ್, ಹಿಂಜವಡಿ ಪುಣೆ ನಗರ ಪೊಲೀಸರ ಹದ್ದಿನಲ್ಲೇ ಇಲ್ಲ; ಅವು ಸೇರುವ ಪಿಂಪ್ರಿ-ಚಿಂಚವಡಕ್ಕೆ 2018ರ ಆಗಸ್ಟ್ 15ರಿಂದ ಬೇರೆ ಪೊಲೀಸ್ ಕಮಿಷನರೇಟ್ ಇದೆ.

ನೀವು ನೋಡಬೇಕಾದದ್ದು ಠಾಣೆಯ ಎಫ್‌ಐಆರ್ ಪಟ್ಟಿ. 2016ರ ಸುಪ್ರೀಂ ಕೋರ್ಟ್ ಆದೇಶದ ನಂತರ ಎಫ್‌ಐಆರ್‌ಗಳನ್ನು ಜಾಲತಾಣಕ್ಕೆ ಹಾಕಲೇಬೇಕು. ಮಹಾರಾಷ್ಟ್ರ ಪೊಲೀಸರ ನಾಗರಿಕ ಪೋರ್ಟಲ್‌ನಲ್ಲಿ ‘ಪಬ್ಲಿಷ್ಡ್ ಎಫ್‌ಐಆರ್’ ತೆರೆದು, ಪಿಂಪ್ರಿ-ಚಿಂಚವಡ, ಆಮೇಲೆ ಠಾಣೆ, ತಾರೀಖು ಆರಿಸಿ. ಫ್ಲ್ಯಾಟ್ ಯಾವ ಠಾಣೆಗೆ ಸೇರುತ್ತದೆ ಎಂದು ಸೊಸೈಟಿಯ ವಾಚ್‌ಮನ್‌ನನ್ನೇ ಕೇಳಿ, ಪಕ್ಕದ ಬೀದಿಗೆ ಠಾಣೆ ಬದಲಾಗುವುದುಂಟು. ಬರಹ ಮರಾಠಿಯಲ್ಲಿರುತ್ತದೆ, ಹಿಂದಿ ಓದಲು ಬಂದರೆ ಸಾಕು. ಎಫ್‌ಐಆರ್ ನಮೂನೆಯ 3ನೇ ಅಂಕಣದಲ್ಲಿ ಘಟನೆಯ ದಿನ, ಹೊತ್ತು ಇರುತ್ತದೆ. 5ನೆಯದರಲ್ಲಿ ಠಾಣೆಯಿಂದ ಯಾವ ದಿಕ್ಕು, ಎಷ್ಟು ದೂರ, ಯಾವ ವಿಳಾಸ ಎಂಬುದು. ಒಂದು ತಿಂಗಳಿನದನ್ನು ಕೂತು ಓದಿ. ಭಾರತೀಯ ನ್ಯಾಯ ಸಂಹಿತೆಯ ಕಲಂ 303 ಕಳ್ಳತನ, 304 ಕಿತ್ತುಕೊಂಡು ಓಡುವುದು, 305 ಮನೆಯೊಳಗಿನ ಕಳವು, 331 ಮನೆ ಒಡೆಯುವುದು (ಮರಾಠಿಯಲ್ಲಿ ‘ಘರಫೋಡಿ’), 309 ಸುಲಿಗೆ. ನಿಮ್ಮ ಗಲ್ಲಿಯ ಹೆಸರು ಎಷ್ಟು ಸಲ ಬಂತು, ಎಷ್ಟು ಹೊತ್ತಿಗೆ ಎಂದು ಗುರುತು ಹಾಕಿಕೊಳ್ಳಿ. ಒಂದು ಎಚ್ಚರ: ಲೈಂಗಿಕ ಅಪರಾಧ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣಗಳನ್ನು ಅಲ್ಲಿ ಹಾಕುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಊರಲ್ಲೇ ಇಲ್ಲ ಎಂದುಕೊಳ್ಳಬೇಡಿ.

‘ಕೊಯ್ತಾ ಗ್ಯಾಂಗ್’ ಸುದ್ದಿ ಓದಿರುತ್ತೀರಿ. ಕಬ್ಬು ಕಡಿಯುವ ಕೊಯ್ತಾ ಹಿಡಿದು ಹುಡುಗರು ರಾತ್ರಿ ಬೀದಿಯ ವಾಹನ ಒಡೆಯುವುದು ನಿಜ. ಆದ್ದರಿಂದ ಸ್ಕೂಟರ್ ಬೀದಿಯಲ್ಲಿ ಬೇಡ, ಗೇಟಿನ ಒಳಗೆ ಪಾರ್ಕಿಂಗ್ ಇರುವ ಮನೆಯೇ ಆಗಬೇಕು. ಆದರೆ ಹಂಚಿಕೊಂಡ ಫ್ಲ್ಯಾಟ್‌ಗಳಲ್ಲಿ ನಿಜವಾಗಿ ಕಾಡುವುದು ಬೇರೆಯೇ: ಬೆಳಗಿನ ಜಾವದ ಲ್ಯಾಪ್‌ಟಾಪ್ ಕಳವು. ಒಬ್ಬಳು ರಾತ್ರಿ ಪಾಳಿ ಮುಗಿಸಿ ಬರುತ್ತಾಳೆ, ಇನ್ನೊಬ್ಬಳು ಐದಕ್ಕೆ ಹೊರಡುತ್ತಾಳೆ, ಹಾಲಿನವನು ಬರಲಿ ಎಂದು ಬಾಗಿಲು ಬರೀ ಮುಂದೆ ಮಾಡಿಟ್ಟಿರುತ್ತಾರೆ. ಮಂಚದ ಪಕ್ಕ ಚಾರ್ಜಿಗಿಟ್ಟ ಮೂರು ಫೋನು, ಎರಡು ಲ್ಯಾಪ್‌ಟಾಪ್ ಎರಡು ನಿಮಿಷದಲ್ಲಿ ಮಾಯ. ಬೀಗ ಒಡೆದ ಗುರುತೇ ಇರುವುದಿಲ್ಲ. ಇದಕ್ಕೆ ಜಾಲರಿಯ ಸೇಫ್ಟಿ ಡೋರ್ ಬೇಕು, ಎಳೆದರೆ ತಾನೇ ಬೀಳುವ ಲಾಕ್ ಬೇಕು, ಪ್ರತಿಯೊಬ್ಬಳ ಕೈಯಲ್ಲೂ ಬೇರೆ ಕೀಲಿ ಬೇಕು. ಹಿಂದಿನ ಬಾಡಿಗೆದಾರರ ಕೀಲಿ ಎಲ್ಲೆಲ್ಲಿ ಉಳಿದಿದೆಯೋ ಗೊತ್ತಿಲ್ಲ, ಆದ್ದರಿಂದ ಸೇರಿದ ದಿನವೇ ಲಾಕ್ ಬದಲಿಸಿ. ಇದಕ್ಕೆ ಕೊಡುವ ದುಡ್ಡಿನಲ್ಲಿ ಜಿಪುಣತನ ಬೇಡ.

ಫ್ಲ್ಯಾಟ್ ನೋಡಲು ಭಾನುವಾರ ಮಧ್ಯಾಹ್ನ ಹೋಗಬೇಡಿ, ಎಲ್ಲ ಬೀದಿಗಳೂ ಆಗ ಚೆನ್ನಾಗಿಯೇ ಕಾಣುತ್ತವೆ. ಕೆಲಸದ ದಿನ ರಾತ್ರಿ ಹತ್ತೂವರೆಗೆ, ಕಂಪನಿಯ ಕ್ಯಾಬ್ ಇಳಿಸುವ ಜಾಗದಿಂದ ಗೇಟಿನವರೆಗೆ ನಡೆದು ನೋಡಿ. ಎಷ್ಟು ದೀಪ ಉರಿಯುತ್ತಿವೆ, ಕಟ್ಟುತ್ತಿರುವ ಕಟ್ಟಡದ ತಗಡಿನ ಬೇಲಿ ಎಷ್ಟು ಉದ್ದವಿದೆ, ಔಷಧಿ ಅಂಗಡಿ, ಚಹಾ ಅಂಗಡಿ ಏನಾದರೂ ತೆರೆದಿದೆಯೇ? ಹೆದ್ದಾರಿ ದಾಟಬೇಕಾದ ಮನೆಯಂತೂ ಬೇಡ. ನನ್ನ ಮಟ್ಟಿಗೆ ಅಲ್ಲಿ ಕಳ್ಳನಿಗಿಂತ ಲಾರಿಯೇ ದೊಡ್ಡ ಅಪಾಯ.

ನೋಡದೆ ಟೋಕನ್ ಹಣ ಹಾಕಬೇಡಿ. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಕ್ಯೂಆರ್ ಕೋಡ್ ಕಳಿಸುತ್ತೇನೆ ಎನ್ನುವವನು ಮೋಸಗಾರ. ಹಣ ಹೋಗಿಬಿಟ್ಟರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ಹಣ ಹಿಡಿಯುವುದು ಕಷ್ಟ. ಲೀವ್ ಅಂಡ್ ಲೈಸೆನ್ಸ್ ಕರಾರು (ಅಲ್ಲಿಯ ಬಾಡಿಗೆ ಕರಾರು) 11 ತಿಂಗಳದ್ದಾದರೂ ಮಹಾರಾಷ್ಟ್ರದಲ್ಲಿ ನೋಂದಣಿ ಕಡ್ಡಾಯ, ಮಾಡಿಸುವ ಹೊಣೆ ಮಾಲೀಕರದು. ಅಲ್ಲಿ ಮಾಲೀಕರ ಫೋಟೊ, ಹೆಬ್ಬೆಟ್ಟು ಎರಡೂ ಬೀಳುವುದರಿಂದ ತನ್ನದಲ್ಲದ ಮನೆ ತೋರಿಸಿ ಡಿಪಾಸಿಟ್ ನುಂಗುವವನು ಅಷ್ಟು ದೂರ ಬರುವುದೇ ಇಲ್ಲ.

ಫೋನ್ ಕಳುವಾದರೆ ಠಾಣೆಯಲ್ಲಿ ‘ಗಹಾಳ’ ಎಂದು ಬರೆದುಕೊಟ್ಟರೆ ಒಪ್ಪಬೇಡಿ. ಮರಾಠಿಯಲ್ಲಿ ಹಾಗೆಂದರೆ ಕಳೆದುಹೋಗಿದೆ ಎಂದರ್ಥ. ಕಳ್ಳತನದ ತನಿಖೆ ಶುರುವೇ ಆಗುವುದಿಲ್ಲ. ಕಿತ್ತುಕೊಂಡು ಹೋದರೆ ಕಲಂ 304ರಲ್ಲಿ ಎಫ್‌ಐಆರ್ ಕೇಳಿ, ಪ್ರತಿ ಉಚಿತವಾಗಿ ಕೊಡಬೇಕು. ಹದ್ದು ನಮ್ಮದಲ್ಲ ಎಂದರೆ ‘ಝೀರೊ ಎಫ್‌ಐಆರ್’ (ಯಾವ ಠಾಣೆಯಲ್ಲಾದರೂ ಬರೆಸಬಹುದಾದ ದೂರು) ಬರೆದುಕೊಳ್ಳಲು ಹೇಳಿ. ರೈಲಿನಲ್ಲಿ, ಸ್ಟೇಷನ್ನಿನಲ್ಲಿ ಹೋದದ್ದಾದರೆ ಲೋಹಮಾರ್ಗ ಪೊಲೀಸರ, ಅಂದರೆ ರೈಲ್ವೆ ಪೊಲೀಸರ ಹತ್ತಿರ. ದೂರಿನ ಪ್ರತಿ ಸಿಕ್ಕ ಮೇಲೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬ್ಲಾಕ್ ಮಾಡಿಸಬೇಕು. ಆ ಸಂಖ್ಯೆಯನ್ನು ಇವತ್ತೇ *#06# ಒತ್ತಿ, ಕಾಗದದ ಮೇಲೆ ಬರೆದು ನಿಮ್ಮ ಮನೆಯಲ್ಲಿಟ್ಟುಕೊಳ್ಳಿ.

ಕೊನೆಗೆ ಬಸ್ಸು. ನಮ್ಮ ಕಡೆಯ ರಾತ್ರಿ ಬಸ್ಸುಗಳು ಪುಣೆ ಮುಟ್ಟುವುದು ನಸುಕಿಗೆ. 2025ರ ಫೆಬ್ರವರಿ 25ರ ಬೆಳಗಿನ ಅತ್ಯಾಚಾರ ಪ್ರಕರಣ ಪುಣೆಯ ಸ್ವಾರ್‌ಗೇಟ್ ಬಸ್ ನಿಲ್ದಾಣದ ಒಳಗೇ, ನಿಂತಿದ್ದ ಬಸ್ಸಿನಲ್ಲಿ ನಡೆದದ್ದು; ನಿಮ್ಮ ಬಸ್ಸು ಅಲ್ಲಿದೆ ಎಂದು ಆರೋಪಿ ಆ ಯುವತಿಯನ್ನು ಕರೆದೊಯ್ದ ಎಂಬುದು ದೂರು. ಮಗಳಿಗೆ ಇಷ್ಟು ಹೇಳಿ: ಯಾರೇ ‘ತಾಈ’, ಮರಾಠಿಯಲ್ಲಿ ಅಂದರೆ ಅಕ್ಕ, ಎಂದು ಕರೆದು ದಾರಿ ತೋರಿಸಲಿ, ವಿಚಾರಣೆಯ ಕಿಟಕಿಯಲ್ಲಿ ಕೇಳದೆ ಜಾಗ ಬಿಟ್ಟು ಕದಲಬಾರದು. ಖಾಸಗಿ ಸ್ಲೀಪರ್ ಆದರೆ ಬೈಪಾಸ್‌ನ ಕತ್ತಲಲ್ಲಿ ಇಳಿಸಿ ಹೋಗುತ್ತಾರೆ. ಇಳಿಯುವ ಹದಿನೈದು ನಿಮಿಷ ಮೊದಲೇ ಕ್ಯಾಬ್ ಬುಕ್ ಮಾಡಿ, ಗಾಡಿ ನಂಬರು ನಿಮಗೆ ಕಳಿಸಿ, ಓಟಿಪಿ ಕೊಡುವ ಮುಂಚೆ ನಂಬರ್ ಪ್ಲೇಟ್ ತಾಳೆ ನೋಡಲಿ. ಅವಳು ಮನೆ ಮುಟ್ಟುವವರೆಗೆ ನೀವು ಎದ್ದಿರಿ. ತೊಂದರೆ ಎನಿಸಿದರೆ ಮೊದಲ ಫೋನ್ ನಿಮಗಲ್ಲ, 112ಕ್ಕೆ.