32 ಬಿಟ್ ಬೋರ್ಡು, 64 ಬಿಟ್ ಲ್ಯಾಪ್‌ಟಾಪು: ಟೈಮ್ ಎಷ್ಟು ಬಿಟ್‌ನಲ್ಲಿ ಇಡಬೇಕು?

ನೀವು ಕೇಳಿರೋದು, ಬೋರ್‌ವೆಲ್ ಸ್ಟಾರ್ಟರ್‌ಗೆ ಹಾಕಿರೋ 32 ಬಿಟ್ ಆರ್ಮ್ ಬೋರ್ಡು ನಿಮಿಷಕ್ಕೊಂದು ರೀಡಿಂಗ್ ಬರೀತೈತೆ, ಅದನ್ನ ಮನೇಲಿ 64 ಬಿಟ್ ಲ್ಯಾಪ್‌ಟಾಪಲ್ಲಿ ಓದಬೇಕು, ಟೈಮನ್ನ, ಅಂದ್ರೆ 1970ರಿಂದ ಎಣಿಸಿದ ಸೆಕೆಂಡನ್ನ, ಸಿ ಭಾಷೆಯ ಲಾಂಗ್ ಅನ್ನೋ ಪೂರ್ಣಾಂಕದಲ್ಲಿ ಇಡಲಾ, ಟೈಮಿಗೇ ಅಂತ ಇರೋ ಟೈಮ್_ಟಿಲಿ ಇಡಲಾ, ಇಲ್ಲಾ 32 ಬಿಟ್ ಸಾಕಾ ಅಂತ. ಎರಡೂ ಕಡೆ ಇಂಟ್64_ಟಿ, ಅಂದ್ರೆ ಯಾವ ಮಷೀನಲ್ಲೂ 64 ಬಿಟ್ಟೇ ಇರೋ ಪೂರ್ಣಾಂಕ, ಇಡ್ರಿ. ಲಾಂಗ್ ಅಂತೂ ಬ್ಯಾಡವೇ ಬ್ಯಾಡ.

ಯಾಕಂದ್ರೆ ಲಾಂಗ್ ಅನ್ನೋದು 32 ಬಿಟ್ ಲಿನಕ್ಸಲ್ಲಿ 4 ಬೈಟು, 64 ಬಿಟ್ ಲಿನಕ್ಸಲ್ಲಿ 8, ಅದೇ 64 ಬಿಟ್ ವಿಂಡೋಸಲ್ಲಿ ಮತ್ತೆ 4. ಟೈಮ್_ಟಿ ಎಷ್ಟು ದೊಡ್ಡದಿರಬೇಕು ಅಂತ ಸಿ ಸ್ಟ್ಯಾಂಡರ್ಡ್ ಹೇಳೋದೇ ಇಲ್ಲ. ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನವರು ಅದನ್ನ 2014ರಲ್ಲೇ ಎಲ್ಲಾ ಮಷೀನಿಗೂ 64 ಮಾಡಿಬಿಟ್ರು, ಲಿನಕ್ಸಲ್ಲಿ 32 ಬಿಟ್ ಮಷೀನಿಗೆ ಕರ್ನಲ್ ಕೆಲಸ ಮುಗಿದಿದ್ದು 2020ರ 5.6ರಲ್ಲಿ, ಅದಕ್ಕೆ ಹೊಂದೋ ಸಿ ಲೈಬ್ರರಿ ಗ್ಲಿಬ್‌ಸಿ 2.34 ಬಂದಿದ್ದು 2021ರಲ್ಲಿ, ಅದರಲ್ಲೂ ಟೈಮ್ ಬಿಟ್ಸ್, ಫೈಲ್ ಆಫ್‌ಸೆಟ್ ಬಿಟ್ಸ್ ಅನ್ನೋ ಎರಡೂ ಮ್ಯಾಕ್ರೋಗೆ ನೀವೇ 64 ಅಂತ ಕೊಟ್ಟು ಕಂಪೈಲ್ ಮಾಡಬೇಕು.

32 ಬಿಟ್‌ನಲ್ಲಿ ಆ ಸೆಕೆಂಡು 2038ರ ಜನವರಿವರೆಗೆ ಮಾತ್ರ ಹಿಡಿಸ್ತಾವೆ. 2038 ಇನ್ನೂ ದೂರ ಐತಲ್ಲ ಅಂತಾರೆ ಜನ. ನಾನು ದಾವಣಗೆರೇಲಿ ಸಾಫ್ಟ್‌ವೇರ್ ಕೆಲಸ ಮಾಡೋನು, 2023ರಲ್ಲಿ ಚನ್ನಗಿರಿ ಕಡೆಯ ಒಂದು ಸಂಘದಿಂದ ಕರೆದ್ರು, ಅಡಿಕೆ ತೋಟದ ಸಾಲ, 15 ವರ್ಷದ ಕಂತು, ಕೊನೇ ಕಂತು ಜೂನ್ 2038ಕ್ಕೆ ಬರಬೇಕಿತ್ತು, ಶೀಟಲ್ಲಿ ಮೇ 1902 ಅಂತ ಪ್ರಿಂಟ್ ಆಗಿತ್ತು. ಸಾಲ ತಗೊಂಡ ಯಜಮಾನ್ರು ಆ ಶೀಟ್ ಹಿಡ್ಕೊಂಡೇ ನಿಂತಿದ್ರು, "ಇದು ನಮ್ಮಪ್ಪ ಹುಟ್ಟೋಕಿಂತ ಮುಂಚಿನ ತಾರೀಕಲ್ಲಪ್ಪ" ಅಂದ್ರು. ಒಳಗೆ ನೋಡಿದ್ರೆ ಸೆಕೆಂಡು ಕೂಡಿಸಿ 32 ಬಿಟ್ ಇಂಟ್‌ನಲ್ಲಿ ಇಟ್ಟಿದ್ರು, 2147483647 ದಾಟಿದ ತಕ್ಷಣ ಮೈನಸ್‌ಗೆ ಹೋಗಿ 136 ವರ್ಷ ಹಿಂದಕ್ಕೆ ಬಿದ್ದಿತ್ತು. ಮುಂದಿನ ತಾರೀಕಿನ ಲೆಕ್ಕ ಹಾಕೋ ಪ್ರೋಗ್ರಾಮಿಗೆ 2038 ಆಗಲೇ ಬಂದಾಯ್ತು.

ಇನ್ನೊಂದು, ಇದನ್ನ ಬಹಳ ಜನ ಮರೀತಾರೆ. ಸ್ಟ್ರಕ್ಟನ್ನ, ಅಂದ್ರೆ ಹಲವು ಫೀಲ್ಡು ಸೇರಿಸಿದ ಕಟ್ಟನ್ನ, ಹಂಗೇ ಫೈಲಿಗೆ ಬರೀಬ್ಯಾಡ್ರಿ. 4 ಬೈಟಿನ ಐಡಿ, ಅದರ ಪಕ್ಕ 8 ಬೈಟಿನ ಟೈಮ್ ಇಟ್ರೆ ಹಳೇ 32 ಬಿಟ್ ಇಂಟೆಲ್ ಲಿನಕ್ಸಲ್ಲಿ ಒಟ್ಟು 12 ಆಗ್ತೈತೆ, ನಿಮ್ಮ ಆರ್ಮಲ್ಲಿ 16, ಯಾಕಂದ್ರೆ ಅದು ಮಧ್ಯದಲ್ಲಿ ನಾಲ್ಕು ಬೈಟ್ ಜಾಗ ಖಾಲಿ ಬಿಡ್ತೈತೆ. ಅಂಥ ಫೈಲನ್ನ ಒಂದು ಸಲ ಹೆಕ್ಸ್ ಡಂಪ್ (ಒಂದೊಂದೇ ಬೈಟ್ ತೋರಿಸೋ ಪಟ್ಟಿ) ತೆಗೆದು ನೋಡ್ರಿ, ಐಡಿ ಆದ್ಮೇಲೆ ಸಾಮಾನ್ಯವಾಗಿ ನಾಲ್ಕು ಸೊನ್ನೆ ಬೈಟು ಕಾಣ್ತಾವೆ, ಓದೋ ಕಡೆ ಅದನ್ನೇ ಟೈಮ್ ಅನ್ಕೊಂಡ್ರೆ ಮೊದಲನೇ ರೆಕಾರ್ಡಿಂದಲೇ ತಾರೀಕು ಕೆಟ್ಟುಹೋಗ್ತೈತೆ. ಒಂದೊಂದೇ ಫೀಲ್ಡು, ಒಂದೊಂದೇ ಬೈಟು, ಕಡಿಮೆ ಬೆಲೆಯ ಬೈಟ್ ಮೊದಲು ಅಂತ ಒಂದು ಕ್ರಮ ಇಟ್ಕೊಂಡು ನೀವೇ ಬರೀರಿ. ಟೈಮ್_ಟಿ ಬೇಕಾಗೋದು ಲೈಬ್ರರಿ ಫಂಕ್ಷನ್ ಕರೆಯೋವಾಗ ಮಾತ್ರ.

ಜಾಗ ಜಾಸ್ತಿ ಆಗ್ತೈತೆ ಅನ್ನೋ ಭಯ ಬ್ಯಾಡ, ನಿಮಿಷಕ್ಕೊಂದು ರೀಡಿಂಗಿಗೆ ಹೆಚ್ಚಿನ 4 ಬೈಟು ಅಂದ್ರೆ ವರ್ಷಕ್ಕೆ ಸುಮಾರು 2 ಎಂಬಿ ಅಷ್ಟೇ.

ಬೋರ್ಡಲ್ಲಿ ಮಿಲಿಸೆಕೆಂಡ್ ಕೌಂಟರ್ ಇದ್ರೆ ಅದು 32 ಬಿಟ್‌ನಲ್ಲಿ 49.7 ದಿನಕ್ಕೇ ತುಂಬಿ ಸೊನ್ನೆ ಆಗ್ತೈತೆ, ಅದನ್ನೂ 64ಕ್ಕೆ ಏರಿಸ್ರಿ, ಆದ್ರೆ 32 ಬಿಟ್ ಚಿಪ್ಪು ಸಾಮಾನ್ಯವಾಗಿ ಅದನ್ನ ಎರಡು ತುಂಡಾಗಿ ಓದ್ತೈತೆ, ಮಧ್ಯೆ ಇಂಟರಪ್ಟ್ (ನಡೀತಿರೋ ಕೆಲಸ ತಡೆದು ನುಗ್ಗೋ ಬೇರೆ ಕೆಲಸ) ಬಂದು ಕೌಂಟರ್ ಬದಲಾದ್ರೆ ಅರ್ಧ ಹಳೇದು ಅರ್ಧ ಹೊಸದು ಕೈಗೆ ಬರ್ತೈತೆ, ಓದೋವಾಗ ಒಂದು ಕ್ಷಣ ಇಂಟರಪ್ಟ್ ನಿಲ್ಲಿಸಿ ಓದ್ರಿ.

ಎಲ್ಲಾ ಆದ್ಮೇಲೆ ಬೋರ್ಡಿನ ಗಡಿಯಾರನ 2038ರ ಜನವರಿ 19, ನಮ್ಮ ಟೈಮ್ ಬೆಳಿಗ್ಗೆ 8:43ಕ್ಕೆ ಇಟ್ಟು ಎರಡು ನಿಮಿಷ ಓಡಿಸ್ರಿ. 8:44:07 ಆದ್ಮೇಲೆ 8:44:08 ಅಂತಾನೇ ಲ್ಯಾಪ್‌ಟಾಪಲ್ಲಿ ಕಂಡ್ರೆ ತೋಟಕ್ಕೆ ತಗೊಂಡ್ಹೋಗಿ ಹಾಕ್ರಿ.