ಸಂಪಾದಕರ ಉತ್ತರ: ಕೊಪ್ಪರಿಗೆಯೂ ಸಾಲೂ

ಮಾನ್ಯರೇ,

ಡೆಟ್ರಾಯಿಟ್ ಬಳಿ ನೆಲೆಸಿರುವ ತಮ್ಮ ಮಗ ಅಮೆರಿಕದ ಪೌರತ್ವ ಪಡೆದ ಸಂಗತಿ ತಿಳಿಸಿ, "ಕಾಗದದಲ್ಲಿ ಅಮೆರಿಕನ್ನನಾದವನು ನಡೆನುಡಿಯಲ್ಲೂ ಹಾಗೇ ಆಗಬೇಕೇ?" ಎಂದು ಕೇಳಿದ್ದೀರಿ. ರಜೆಗೆ ಮೈಸೂರಿಗೆ ಬಂದಿದ್ದ ಆ ಮಗ, ಕಚೇರಿಯೊಳಗೆ ತಮ್ಮ ಪರಿಚಯದವರಿದ್ದರೂ ಕರೆಂಟ್ ಬಿಲ್ಲಿನ ತಕರಾರಿಗಾಗಿ ಮುಕ್ಕಾಲು ಗಂಟೆ ಸಾಲಿನಲ್ಲೇ ನಿಂತದ್ದು ತಮಗೆ ಮುಜುಗರ ತಂದಿತೆಂದೂ ಬರೆದಿದ್ದೀರಿ.

ಅಮೆರಿಕದ ಪೌರತ್ವ ಪಡೆಯುವಾಗಿನ ಪ್ರಮಾಣವಚನವು ಪರದೇಶದ ದೊರೆ, ಪ್ರಭುತ್ವಗಳ ಮೇಲಿನ ನಿಷ್ಠೆಯನ್ನು ತೊರೆದು ಅಲ್ಲಿನ ಸಂವಿಧಾನವನ್ನು ಎತ್ತಿಹಿಡಿಯಬೇಕೆನ್ನುತ್ತದೆ. ಮನೆಮಾತು, ಮನೆದೇವರು, ಊಟದ ಬಗ್ಗೆ ಅದರಲ್ಲಿ ಚಕಾರವಿಲ್ಲ. ಭಾರತದ ಪಾಸ್‌ಪೋರ್ಟ್ ಹೋದದ್ದು ಇಬ್ಬಗೆಯ ಪೌರತ್ವವನ್ನು ನಮ್ಮ ಕಾನೂನು ಒಪ್ಪದ್ದರಿಂದ.

ಆದರೆ ನಡೆನುಡಿಯನ್ನೂ ಕೇಳಿದ ಕಾಲವೊಂದಿತ್ತು. ಡೆಟ್ರಾಯಿಟ್‌ಗೆ ಅಂಟಿಕೊಂಡಿರುವ ಹೈಲ್ಯಾಂಡ್ ಪಾರ್ಕಿನಲ್ಲಿ ಹೆನ್ರಿ ಫೋರ್ಡರ ಕಂಪನಿ 1914ರಲ್ಲಿ ವಲಸಿಗ ಕಾರ್ಮಿಕರಿಗಾಗಿ ಇಂಗ್ಲಿಷ್ ಶಾಲೆ ತೆರೆಯಿತು. ಅದರ ಪದವಿ ಸಮಾರಂಭದಲ್ಲಿ ವೇದಿಕೆಯ ನಡುವೆ ಭಾರಿ ಕೊಪ್ಪರಿಗೆಯೊಂದಿರುತ್ತಿತ್ತು. ತಾಯ್ನಾಡಿನ ಉಡುಗೆ ತೊಟ್ಟ ಕಾರ್ಮಿಕರು ಹಡಗಿನಿಂದಿಳಿದಂತೆ ಬಂದು ಅದರೊಳಗಿಳಿಯುತ್ತಿದ್ದರು, ಮೇಷ್ಟ್ರುಗಳು ಉದ್ದನೆಯ ಸೌಟುಗಳಿಂದ ಕದಡುತ್ತಿದ್ದರು, ಆಮೇಲೆ ಅವರೇ ಅಮೆರಿಕನ್ ಸೂಟು ಧರಿಸಿ ಬಾವುಟ ಬೀಸುತ್ತ ಹೊರಬರುತ್ತಿದ್ದರು. ಓದಿದರೆ ನಗು ಬರುತ್ತದೆ, ನಿಜ. ಆದರೆ ದಿನಕ್ಕೆ 5 ಡಾಲರ್ ಕೂಲಿಗೆ ಅರ್ಹರೇ ಎಂದು ತಿಳಿಯಲು ಕಂಪನಿಯ ತನಿಖೆದಾರರು ಕಾರ್ಮಿಕರ ಮನೆಗೇ ಬಂದು ಶುಚಿತ್ವ, ಕುಡಿತ, ಉಳಿತಾಯಗಳನ್ನು ವಿಚಾರಿಸುತ್ತಿದ್ದರೆಂಬುದು ನೆನಪಾದಾಗ ಆ ನಗು ಉಳಿಯುವುದಿಲ್ಲ.

ಇಷ್ಟಾಗಿ, ನಡತೆ ತಿದ್ದಿಕೊಂಡವರಿಗೆಲ್ಲ ಬಾಗಿಲು ತೆರೆದಿತ್ತೇ? ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿ ದುಡಿದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರು, ಜನಸಾಮಾನ್ಯರು ತಿಳಿಯುವ ಅರ್ಥದಲ್ಲಿ 'ಬಿಳಿಯ'ರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕಾಯ್ದೆ ಬದಲಾಗಿ ಭಾರತೀಯರಿಗೆ ಅವಕಾಶ ದೊರೆತದ್ದು 1946ರಲ್ಲಿ. ಗುಣವನ್ನು ಅಳೆಯುತ್ತೇವೆ ಎನ್ನುತ್ತಿದ್ದ ದೇಶ ಮೈಬಣ್ಣವನ್ನು ಅಳೆಯುತ್ತಿತ್ತು. ಹಾಗಾಗಿ 'ಅಮೆರಿಕನ್ ಗುಣ' ಎಂಬ ಮಾತನ್ನು ಯಾರೇ ಆಡಲಿ, ನಾನು ತುಸು ಅನುಮಾನದಿಂದಲೇ ಕೇಳುತ್ತೇನೆ.

ಇನ್ನು ಸಾಲಿನ ವಿಷಯ. ಆ ಅಭ್ಯಾಸ ತಮ್ಮ ಮಗನಿಗೆ ಅಲ್ಲಿಯೇ ಬಂದಿರಬಹುದು. ವರ್ಷಗಟ್ಟಲೆ ಬದುಕಿದ ಊರು, ಒಂದು ದಿನ ಕೈಯೆತ್ತಿ ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಕಲಿಸುತ್ತದೆ. ಆದರೆ ಅದನ್ನು ಅಮೆರಿಕದ ಲೆಕ್ಕಕ್ಕೆ ಬರೆದುಬಿಟ್ಟರೆ, ಅಂದು ಅವರ ಹಿಂದೆ ಮುಂದೆ ಅಷ್ಟೇ ಹೊತ್ತು ನಿಂತಿದ್ದ, ಒಳಗೆ ಯಾರ ಪರಿಚಯವೂ ಇಲ್ಲದ ಮೈಸೂರಿನವರನ್ನು ತಾವು ಯಾವ ದೇಶದವರೆನ್ನುತ್ತೀರಿ?

— ಸಂಪಾದಕ