ವಕೀಲರೊಡನೆ ಆಡಿದ ಮಾತು ಯಾರ ಕಿವಿಗೆ ಬೀಳಬೇಕು

ಆತ್ಮೀಯ ತಮ್ಮನಿಗೆ,

ಒಪ್ಪಂದ ಮುರಿದಿರೆಂದು ಹಳೆಯ ಕಂಪನಿಯವರು ನ್ಯೂಜೆರ್ಸಿಯಲ್ಲಿ ನಿಮ್ಮ ಮೇಲೆ ದಾವೆ ಹೂಡಿರುವ ಸಂಗತಿ ತಿಳಿಯಿತು. ವಕೀಲರೊಡನೆ ಮಾತನಾಡುವಾಗ ದಾವಣಗೆರೆಯಲ್ಲಿರುವ ಮಾವನವರನ್ನೂ ಫೋನಿನಲ್ಲಿ ಸೇರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಸೇರಿಸಿಕೊಳ್ಳಬೇಡಿ.

ನಮ್ಮ ಕಡೆ ವಕೀಲರ ಕಚೇರಿಗೆ ಒಬ್ಬರೇ ಹೋಗುವುದುಂಟೇ? ಚನ್ನಗಿರಿಯ ಅಡಿಕೆ ತೋಟದ ಪಾಲಿನ ದಾವೆ ನಡೆದಾಗ ನಮ್ಮ ದೊಡ್ಡಪ್ಪ, ಭಾವ, ಪಕ್ಕದ ತೋಟದವರು ಎಲ್ಲರೂ ಒಂದೇ ಬೆಂಚಿನ ಮೇಲೆ ಕುಳಿತು, ವಕೀಲರು ಅಪ್ಪನನ್ನು ಕೇಳಿದ್ದಕ್ಕೆ ತಾವೇ ಉತ್ತರ ಹೇಳುತ್ತಿದ್ದರು. ಇಲ್ಲಿ ಆ ರೂಢಿ ದುಬಾರಿಯಾಗುತ್ತದೆ. ಕಾನೂನು ಸಲಹೆಗಾಗಿ ಕಕ್ಷಿದಾರ ತನ್ನ ವಕೀಲರೊಡನೆ ಗೋಪ್ಯವಾಗಿ ಆಡಿದ ಮಾತಿಗಷ್ಟೇ ಪ್ರಿವಿಲೇಜ್ ಎಂಬ ರಕ್ಷಣೆಯಿದೆ; ಅಂದರೆ ಆ ಮಾತನ್ನು ಹೊರಗೆಡಹುವಂತೆ ಎದುರು ಪಕ್ಷದವರು ಒತ್ತಾಯಿಸುವಂತಿಲ್ಲ. ಅಗತ್ಯವಿಲ್ಲದ ಮೂರನೆಯವರು ಕೇಳಿಸಿಕೊಂಡಿದ್ದರೆ ಅದು ಗೋಪ್ಯವೇ ಆಗಿರಲಿಲ್ಲವೆಂದು ಎದುರು ಪಕ್ಷದವರು ವಾದಿಸುತ್ತಾರೆ. ಇಂಗ್ಲಿಷ್ ಬಾರದವರಿಗೆ ದುಭಾಷಿ ಬೇಕಾದರೆ ಆ ಮಾತು ಬೇರೆ. ವಕೀಲರ ಇ-ಮೇಲನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸುವುದೂ ಇದೇ ಲೆಕ್ಕ.

ಈ ರಕ್ಷಣೆ ಮಾತುಕತೆಗೇ ಹೊರತು ನಡೆದ ಸಂಗತಿಗಲ್ಲವೆಂದು 1981ರ ಅಪ್‌ಜಾನ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ರಾಜೀನಾಮೆಗೆ ಮುಂಚೆ ಗ್ರಾಹಕರ ಪಟ್ಟಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡಿರಾ ಎಂದು ಡೆಪೊಸಿಷನ್‌ನಲ್ಲಿ, ಅಂದರೆ ಕೋರ್ಟಿನ ವಿಚಾರಣೆಗೆ ಮುಂಚೆ ಎದುರು ಪಕ್ಷದ ವಕೀಲರು ಹೇಳಿಕೆ ಪಡೆಯುವಾಗ, ಪ್ರಮಾಣ ಮಾಡಿಸಿ ಕೇಳಿದರೆ, ಅದನ್ನು ವಕೀಲರಿಗೆ ಹೇಳಿದ್ದೇನೆ ಎಂದು ನುಣುಚಿಕೊಳ್ಳಲಾಗದು. ವಕೀಲರಿಗೆ ಏನೆಂದು ಹೇಳಿದಿರಿ ಎಂಬುದನ್ನು ಮಾತ್ರ ಅವರು ಕೆದಕುವಂತಿಲ್ಲ.

ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮ ಪತ್ರದ ಕೊನೆಯ ಮಾತು: ಹೊಸ ಕೆಲಸ ಒಪ್ಪಿಕೊಳ್ಳುವ ಮೊದಲು ಕೇಳಿದಾಗ ತೊಂದರೆಯಿಲ್ಲವೆಂದು ವಕೀಲರು ಬರೆದುಕೊಟ್ಟಿದ್ದರು, ಅದನ್ನೇ ಕೋರ್ಟಿಗೆ ತೋರಿಸುತ್ತೇನೆ ಎಂದಿದ್ದೀರಿ. ಆ ಸಲಹೆಯನ್ನೇ ಸಮರ್ಥನೆಯಾಗಿ ಮುಂದಿಟ್ಟರೆ ಆ ವಿಷಯದ ಮಟ್ಟಿಗೆ ಪ್ರಿವಿಲೇಜನ್ನು ನೀವೇ ಬಿಟ್ಟುಕೊಟ್ಟಂತಾಗುತ್ತದೆ. ಅನುಕೂಲವಾದ ಪತ್ರವನ್ನು ತೋರಿಸಿ, ಅದೇ ವಕೀಲರು ಹಿಂದಿನ ವಾರ ಎಚ್ಚರಿಸಿ ಬರೆದಿದ್ದ ಪತ್ರವನ್ನು ಮುಚ್ಚಿಡುತ್ತೇನೆಂದರೆ ನ್ಯಾಯಾಧೀಶರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಈಗಿನ ವಕೀಲರ ಕೈಗೆ ಎಲ್ಲ ಪತ್ರಗಳನ್ನೂ ಕೊಟ್ಟು, ತೋರಿಸಬೇಕೋ ಬೇಡವೋ ಎಂಬುದನ್ನು ಅವರೊಡನೆ ಕುಳಿತು ತೀರ್ಮಾನಿಸಿ.

ಕಚೇರಿಯ ಲ್ಯಾಪ್‌ಟಾಪಿನಲ್ಲಿ ಸ್ವಂತ ಯಾಹೂ ಖಾತೆಯ ಮೂಲಕ ವಕೀಲರಿಗೆ ಬರೆದ ನೌಕರರೊಬ್ಬರ ಪ್ರಿವಿಲೇಜ್ ಉಳಿಯುತ್ತದೆಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ನೀಡಿದ್ದು ನಿಜ. ಆದರೆ ಎಲ್ಲ ರಾಜ್ಯಗಳ ಕೋರ್ಟುಗಳೂ ಅಷ್ಟು ಉದಾರವಲ್ಲವಾದ್ದರಿಂದ, ಬರೆಯುವುದನ್ನು ಸ್ವಂತ ಯಂತ್ರದಲ್ಲೇ ಬರೆಯಿರಿ.

ಹೊಸ ಕಂಪನಿಯ ವಕೀಲರು ಅಕ್ಕರೆಯಿಂದ ವಿಚಾರಿಸಿದರೂ ಅವರ ಕಕ್ಷಿದಾರರು ಕಂಪನಿಯೇ ಹೊರತು ನೀವಲ್ಲ. ಅಲ್ಲಿ ಆಡಿದ ಮಾತಿನ ಪ್ರಿವಿಲೇಜ್ ಕಂಪನಿಯದು, ಅದನ್ನು ಬಿಟ್ಟುಕೊಡಲು ನಿಮ್ಮನ್ನು ಕೇಳಬೇಕಾಗಿಲ್ಲ.